ರಾಜನ ಮುಂದಿನ ಬಾಗಿಲು

ಮಾರ್ಚ್ ೪

ಪ್ರೀತಿಯ ಮೆಣಸೇ,

ನಿಮ್ಮ ವಿಶ್ವವಿದ್ಯಾಲಯದಿಂದ ನಮ್ಮ ಚದುರಂಗ ಕ್ಲಬ್ಬಿಗೆ ಒಂದು ಆಹ್ವಾನ ಬಂದಿದೆ. ನೀನು ಕೆಲಸ ಮಾಡುವ ವಿಭಾಗದವರೇ ಕಳಿಸಿದ್ದು. ನೀವು ತಯಾರಿಸಿದ ಕಂಪ್ಯೂಟರಿನ ಎದುರು ಆಡಲು ನಮ್ಮಲ್ಲಿಂದ ಒಬ್ಬರು ಬರಬೇಕಂತೆ. ತುಂಬಿದ ಸಭಾಂಗಣದಲ್ಲಿ, ಪತ್ರಿಕೆಯವರ ಮುಂದೆ. ಕಾರ್ಯದರ್ಶಿಗಳು ಅದನ್ನು ಓದಿ ಮುಗಿಸಿದ್ದೇ ತಡ, ನಮ್ಮ ಗಂಡಸರಿಗೆಲ್ಲ ಒಂದೊಂದು ಕಾಯಿಲೆ ನೆನಪಾಯಿತು. ಈ ವರ್ಷದ ಚಾಂಪಿಯನ್ ನಮ್ಮ ದಂತವೈದ್ಯರು. ಅವರಿಗೆ ಬೆನ್ನು ನೋವು, ಅಷ್ಟು ಹೊತ್ತು ಕೂರಲು ಆಗುವುದಿಲ್ಲ. ದಿನವಿಡೀ ಊರವರ ಬಾಯೊಳಗೆ ಬಗ್ಗಿ ನಿಲ್ಲುವ ಬೆನ್ನು ಅದು. ಕಾರ್ಯದರ್ಶಿಗಳಿಗೆ ಕನ್ನಡಕದ ನಂಬರು ಬದಲಾಗಿದೆಯಂತೆ. ಉಳಿದವರು ಕಿಟಕಿಯ ಕಡೆ ನೋಡುತ್ತ ಕೂತರು.

ಕೊನೆಗೆ ಕಾರ್ಯದರ್ಶಿಗಳೇ ದಾರಿ ಕಂಡುಕೊಂಡರು: "ಮೇಡಂ ಹೋಗ್ಲಿ ಬಿಡಿ. ಅವರು ಸೋತ್ರೆ ಯಾರೂ ಏನೂ ಅನ್ನಲ್ಲ."

ಆ ಮಾತು ಕೇಳಿದ ಮೇಲೆ ಹೋಗದೆ ಇರುವುದು ಹೇಗೆ ಹೇಳು? ನಾನೇ ಹೋಗುತ್ತೇನೆ ಅಂದೆ. ಎಲ್ಲರಿಗೂ ನಿರಾಳವಾಗಿ, ಚಹಾ ತರಿಸಿದರು.

ಪಂದ್ಯ ಏಪ್ರಿಲ್ ಮೂರನೇ ವಾರ. ನಿಮ್ಮ ಪೆಟ್ಟಿಗೆ ಹೇಗೆ ಆಡುತ್ತದೆ ಬರಿ. ಗುಟ್ಟು ಬೇಡ, ಸ್ವಭಾವ ಸಾಕು. ಹಾಗೆಯೇ ಇನ್ನೊಂದು: ಜುಲೈನ ಮಹಿಳಾ ಚಾಂಪಿಯನ್‌ಷಿಪ್‌ಗೆ ಹೆಸರು ಕೊಟ್ಟೆಯಾ? ಕಳೆದ ಸಲ ನಾಲ್ಕನೆಯವಳಾಗಿ ಬಂದವಳು ಈ ಸಲ ಎಲ್ಲಿ ನಿಲ್ಲುತ್ತೀ ಎಂದು ನೋಡಲು ನಾನು ಕಾದಿದ್ದೇನೆ.

ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ತೂಕ-ಅಳತೆ ಇಲಾಖೆಯ ನೌಕರಿಯೂ ಗಟ್ಟಿಯಾಗಿದೆ. ನಾನು ಅಂಗಡಿಗೆ ಕಾಲಿಟ್ಟ ಕೂಡಲೇ ಈಗಲೂ ವ್ಯಾಪಾರಿಗಳು ತಕ್ಕಡಿ ಒರೆಸಲು ಶುರು ಮಾಡುತ್ತಾರೆ.

ನಿನ್ನ
ಚಿಕ್ಕಮ್ಮ

*

ಮಾರ್ಚ್ ೧೩

ಚಿಕ್ಕಮ್ಮ,

ಬೇಡ. ದಯವಿಟ್ಟು ಒಪ್ಪಿದ್ದನ್ನು ವಾಪಸು ತೆಗೆದುಕೋ.

ಸ್ವಭಾವ ಕೇಳಿದ್ದೀಯ. ಅದಕ್ಕೆ ಸ್ವಭಾವವಿಲ್ಲ, ಅದೇ ತೊಂದರೆ. ನಮ್ಮ ಪ್ರಯೋಗಾಲಯ ನೆಲಮಾಳಿಗೆಯಲ್ಲಿದೆ. ಯಂತ್ರಕ್ಕೆ ಸೆಕೆ ಆಗಬಾರದೆಂದು ಒಳಗೆ ಸದಾ ಚಳಿ ಇಟ್ಟಿರುತ್ತಾರೆ, ನಾವು ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತೇವೆ. ಬಟ್ಟೆಯ ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಅದರ ಪಕ್ಕದಲ್ಲಿ ಒಂದು ಪುಟ್ಟ ತೆರೆ. ನಾವು ಯಾವ ನಡೆ ಆಡಿದರೂ ಅದಕ್ಕೆ ಅಲ್ಲಿ ಒಂದು ಅಂಕ ಬೀಳುತ್ತದೆ. ನೀನು ದಿನವೆಲ್ಲ ಯೋಚಿಸಿ ಕಟ್ಟಿದ್ದನ್ನು ಅದು ಕೋಪವಿಲ್ಲದೆ, ಖುಷಿಯೂ ಇಲ್ಲದೆ ಬಿಚ್ಚಿ ಇಡುತ್ತದೆ. ಕಳೆದ ತಿಂಗಳು ದೊಡ್ಡ ಆಟಗಾರರೊಬ್ಬರು ಬಂದಿದ್ದರು. ಅವರ ಹೆಸರು ಕೇಳಿದರೆ ನೀನು ಎದ್ದು ನಿಲ್ಲುತ್ತೀ. ಸೋತ ಮೇಲೆ ಹೊರಗೆ ಹೋಗಿ ಸೂಚನಾ ಫಲಕದ ಮುಂದೆ ನಿಂತರು. ಅಲ್ಲಿ ಇದ್ದದ್ದು ಹಳೆಯ ಪರೀಕ್ಷಾ ವೇಳಾಪಟ್ಟಿ. ಅದನ್ನೇ ಓದುತ್ತ ನಿಂತುಬಿಟ್ಟರು. ಊಟಕ್ಕೆ ಕರೆಯಲು ಹೋದವಳು ನಾನು, ಕರೆಯದೆ ವಾಪಸು ಬಂದೆ.

ಇನ್ನೊಂದು ವಿಷಯ. ಪಂದ್ಯದ ದಿನ ನಿನ್ನ ಎದುರಿನ ಕುರ್ಚಿಯಲ್ಲಿ ಕೂರುವವಳು ನಾನೇ. ಯಂತ್ರಕ್ಕೆ ಕೈ ಇಲ್ಲವಲ್ಲ, ನಾನು ಅದರ ಕೈ. ನೀನು ಆಡಿದ್ದನ್ನು ಅದಕ್ಕೆ ಕೀಲಿ ಒತ್ತಿ ತಿಳಿಸುತ್ತೇನೆ, ಅದು ತೆರೆಯ ಮೇಲೆ ತೋರಿಸಿದ ನಡೆಯನ್ನು ಮಣೆಯ ಮೇಲೆ ಆಡುತ್ತೇನೆ. ಮಾತಾಡುವ ಹಾಗಿಲ್ಲ. ಮುಖದಲ್ಲಿ ಏನೂ ತೋರಿಸುವ ಹಾಗಿಲ್ಲ. ನಿನಗೆ ಏಟು ಕೊಡುವ ಕೈ ನನ್ನದಾಗುವುದು ನನಗೆ ಬೇಡ.

ಚಾಂಪಿಯನ್‌ಷಿಪ್ ವಿಷಯ: ಇಲ್ಲಿ ಕೆಲಸ ಜಾಸ್ತಿ. ನೋಡೋಣ.

ನಿನ್ನ ಮೆಣಸು

*

ಮಾರ್ಚ್ ೨೨

ಮೆಣಸೇ,

ನಿನ್ನ ಕಾಗದ ಬಂದ ದಿನವೇ ನಿನ್ನಮ್ಮನ ಫೋನೂ ಬಂತು. ಅಕ್ಕ ಮೊದಲು ಬೇಳೆಯ ರೇಟು, ಆಮೇಲೆ ತನ್ನ ಮಂಡಿ ನೋವು, ಆಮೇಲೆ ಪಕ್ಕದ ಮನೆಯವರ ನಾಯಿ ಎಲ್ಲ ಮುಗಿಸಿ, ಇಡುವ ಹೊತ್ತಿಗೆ ಹೇಳಿದಳು: "ಅಂದ ಹಾಗೆ, ಇವಳು ಆಟದ ಪುಸ್ತಕನೆಲ್ಲ ಹಾಸ್ಟೆಲ್ ಲೈಬ್ರರಿಗೆ ಕೊಟ್ಟುಬಿಟ್ಲಂತೆ. ಇನ್ಮೇಲೆ ಆಡಲ್ವಂತೆ. ಒಳ್ಳೇದೇ ಆಯ್ತು, ಕಣ್ಣಿಗೆ ವಿಶ್ರಾಂತಿ."

ಅಕ್ಕನಿಗೆ ಅದು ಕಣ್ಣಿನ ಪ್ರಶ್ನೆ. ನನಗೆ ಹಾಗಲ್ಲ. 'ನೋಡೋಣ' ಅಂದರೆ ನಿನ್ನ ಭಾಷೆಯಲ್ಲಿ 'ಇಲ್ಲ' ಎಂದು ನಿನ್ನ ಮೊದಲ ಹಲ್ಲು ಬಿದ್ದ ಕಾಲದಿಂದ ನನಗೆ ಗೊತ್ತು.

ನಾನು ಬರುವುದನ್ನು ನಿಲ್ಲಿಸಲು ಹೋಗಬೇಡ. ಅದರ ಬದಲು ಆಟ ಯಾಕೆ ಬಿಟ್ಟೆ ಎನ್ನುವುದನ್ನು ನೆಟ್ಟಗೆ ಬರಿ. ಕೆಲಸ ಜಾಸ್ತಿ ಎಂಬ ಕಥೆ ನಿನ್ನ ಪ್ರಯೋಗಾಲಯದ ಮೇಷ್ಟ್ರಿಗೆ ಹೇಳಿಕೋ.

ಚಿಕ್ಕಮ್ಮ

*

ಏಪ್ರಿಲ್ ೧

ಚಿಕ್ಕಮ್ಮ,

ಸರಿ, ನೆಟ್ಟಗೆ ಬರೆಯುತ್ತೇನೆ.

ಎರಡು ವರ್ಷದ ಹಿಂದೆ ನಾನು ಕಪ್ ಗೆದ್ದ ಆಟ ನಿನಗೆ ನೆನಪಿದೆಯಲ್ಲ. ಆನೆಯನ್ನು ಬಲಿ ಕೊಟ್ಟು ಗೆದ್ದದ್ದು. ನೀನು ಅದನ್ನು ಕ್ಲಬ್ಬಿನಲ್ಲಿ ಮತ್ತೆ ಮತ್ತೆ ಆಡಿ ತೋರಿಸುತ್ತಿದ್ದೀ ಎಂದು ಅಮ್ಮ ಹೇಳಿದ್ದಳು. ನನಗೆ ಯಾವತ್ತಾದರೂ ನನ್ನ ಮೇಲೆ ನಂಬಿಕೆ ಕಡಿಮೆಯಾದರೆ ಆ ಆಟವನ್ನು ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದೆ.

ಜನವರಿಯಲ್ಲಿ ಅದನ್ನು ಯಂತ್ರಕ್ಕೆ ಕೊಟ್ಟೆ. ಹೊಗಳಲಿ ಎಂಬ ಆಸೆಯಿಂದಲೇ ಕೊಟ್ಟೆ ಎಂದುಕೋ. ಆನೆಯ ಬಲಿ ತಪ್ಪು ಅಂದಿತು. ಅದಕ್ಕೆ ನನ್ನ ಎದುರು ಆಡಿದ ಹುಡುಗಿ ಕೊಟ್ಟ ಉತ್ತರವೂ ತಪ್ಪು. ಅದರ ಮುಂದಿನ ನನ್ನ ನಡೆಯೂ ತಪ್ಪು. ಕತ್ತಲಲ್ಲಿ ಇಬ್ಬರು ತಡಕಾಡುತ್ತಿದ್ದರು, ಒಬ್ಬಳು ಹಳ್ಳಕ್ಕೆ ಬಿದ್ದಳು, ಇನ್ನೊಬ್ಬಳಿಗೆ ಜನ ಚಪ್ಪಾಳೆ ತಟ್ಟಿದರು. ಅಷ್ಟೇ ಅಂತೆ ನಡೆದದ್ದು.

ಸೋಲುವುದು ನನಗೆ ಹೊಸದಲ್ಲ, ನಿನ್ನ ಕೈಯಲ್ಲೇ ಎಷ್ಟು ಸೋತಿಲ್ಲ. ಆದರೆ ಇದು ಸೋಲಲ್ಲ, ಗೆದ್ದದ್ದನ್ನೂ ಕಿತ್ತುಕೊಳ್ಳುವುದು. ಈಗ ಮಣೆಯ ಮುಂದೆ ಕೂತರೆ ಪಕ್ಕದಲ್ಲಿ ಆ ತೆರೆ ಇದೆ ಅನ್ನಿಸುತ್ತದೆ. ಯಾವ ಕಾಯಿ ಮುಟ್ಟಿದರೂ ಅಂಕ ಎಷ್ಟು ಬೀಳಬಹುದು ಎಂಬುದೇ ಯೋಚನೆ. ಹಾಗೆ ಆಡುವುದಕ್ಕಿಂತ ಆಡದೆ ಇರುವುದು ಮೇಲು. ಸಾಯಂಕಾಲ ನಡೆಯಲು ಹೋಗುತ್ತೇನೆ, ಚೆನ್ನಾಗಿದ್ದೇನೆ. ಈ ವಿಷಯ ಇಲ್ಲಿಗೆ ಬಿಡು.

ಮೆಣಸು

*

ಏಪ್ರಿಲ್ ೯

ಮೆಣಸೇ,

ನಿನ್ನ ಕಾಗದವನ್ನು ಓದಿ ಮಡಿಸಿಟ್ಟು, ಮತ್ತೆ ಬಿಡಿಸಿ ಓದಿದೆ. ಮಾತಿನಲ್ಲಿ ನಾನು ಯಾವತ್ತೂ ಗೆದ್ದವಳಲ್ಲ. ಏನಾದರೂ ಬರುವುದಿದ್ದರೆ ನನಗೆ ಮಣೆಯ ಮೇಲೆ ಬರುತ್ತದೆ.

ಆದ್ದರಿಂದ ಒಂದು ಒಪ್ಪಂದ. ನಾನು ಬಂದು ನಿಮ್ಮ ಪೆಟ್ಟಿಗೆಯ ಎದುರು ಆಡುತ್ತೇನೆ. ಬಹುಶಃ ಸೋಲುತ್ತೇನೆ. ಮನುಷ್ಯರು ಅದರ ಮುಂದೆ ಕೂತು, ಸೋತು, ಕುಗ್ಗದೆ ಎದ್ದು ಬರಬಹುದೋ ಇಲ್ಲವೋ ಎಂದು ನೀನು ಎದುರಿನ ಕುರ್ಚಿಯಿಂದ ನೋಡು. ಅದಕ್ಕಿಂತ ಒಳ್ಳೆಯ ಜಾಗ ಯಾರಿಗೂ ಸಿಕ್ಕುವುದಿಲ್ಲ. ಅದಾದ ಮೇಲೂ ಆಟ ಬೇಡ ಅನ್ನಿಸಿದರೆ ನಾನು ಮತ್ತೆ ಆ ಮಾತೆತ್ತುವುದಿಲ್ಲ. ಜುಲೈ ಬಂದು ಹೋಗುತ್ತದೆ, ಹೆಸರು ಕೊಟ್ಟೆಯಾ ಎಂದು ಯಾರೂ ಕೇಳುವುದಿಲ್ಲ.

ಆದರೆ ನನಗೆ ನೀನು ಉಪಕಾರ ಮಾಡಲು ಬರಬೇಡ. ಗಂಟಲು ಸರಿಮಾಡಿಕೊಳ್ಳುವುದು, ಹುಬ್ಬು ಏರಿಸುವುದು ಯಾವುದೂ ಬೇಡ. ನೀನು ಕೈ, ನಾನು ಆಟಗಾರ್ತಿ.

ಕುರ್ಚಿಯ ಮೇಲೆ ಒಂದು ದಿಂಬು ಇರಲಿ. ನಿಮ್ಮ ಸಭಾಂಗಣದ ಕುರ್ಚಿಗಳು ದೊಡ್ಡವರಿಗೆಂದು ಮಾಡಿದವು. ನಾನು ಕುಳ್ಳಿ.

ಚಿಕ್ಕಮ್ಮ

*

ಏಪ್ರಿಲ್ ೨೬

ಚಿಕ್ಕಮ್ಮ,

ನೀನು ಮನೆ ತಲುಪಿದ್ದು ಅಮ್ಮನಿಂದ ಗೊತ್ತಾಯಿತು. ಆಟ ಮುಗಿದ ಮೇಲೆ ಒಂದು ಮಾತೂ ಆಡದೆ ರೈಲಿಗೆ ಹೊರಟುಬಿಟ್ಟೆಯಲ್ಲ. ಚೀಲ ಹಿಡಿದು ಸಭಾಂಗಣದ ಬಾಗಿಲು ದಾಟುವಾಗ ನಿನ್ನ ಮುಖ ನೋಡಿದೆ. ನಿಂತು ಕ್ಷಮೆ ಕೇಳುವ ಧೈರ್ಯ ಬರಲಿಲ್ಲ. ಈಗ ಕೇಳುತ್ತಿದ್ದೇನೆ.

ನಡೆದದ್ದನ್ನು ನನ್ನ ಕಡೆಯಿಂದ ಹೇಳಿಬಿಡುತ್ತೇನೆ. ಮಧ್ಯಾಹ್ನದವರೆಗೆ ನೀನು ಎಷ್ಟು ಚೆನ್ನಾಗಿ ಆಡಿದೆ ಎಂದರೆ, ತೆರೆಯ ಮೇಲಿನ ಅಂಕ ಸಮಬಲದ ಸೊನ್ನೆ ಬಿಟ್ಟು ಅಲುಗಲೇ ಇಲ್ಲ. ನಮ್ಮ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಉಗುರು ಕಚ್ಚುತ್ತಿದ್ದರು. ನಾನು ಮುಖವನ್ನು ಗೋಡೆಯ ಹಾಗೆ ಇಟ್ಟುಕೊಂಡಿದ್ದೆ, ಆದರೆ ಒಳಗೆ ಬೀಗುತ್ತಿದ್ದೆ.

ಆಗ ನೀನು ಒಂಟೆಯಿಂದ ನಮ್ಮ ಕುದುರೆಯನ್ನು ಹೊಡೆದೆ. ನಾನು ಕೀಲಿ ಒತ್ತಿದೆ. ಅದು ಯೋಚಿಸಿತು. ಒಂಟೆಯನ್ನು ಮಂತ್ರಿಯಿಂದ ಹೊಡೆ ಎಂದು ತೆರೆಯ ಮೇಲೆ ಬಂತು. ನಾನು ಓದಿದೆ, ಚಿಕ್ಕಮ್ಮ, ಸರಿಯಾಗಿಯೇ ಓದಿದೆ. ಆದರೆ ನನ್ನ ಕೈ ಹೋಗಿ ರಾಜನ ಮುಂದಿನ ಪದಾತಿಯನ್ನು ಎತ್ತಿಕೊಂಡು ಅದರಿಂದ ಹೊಡೆಯಿತು. ಚಿಕ್ಕಂದಿನಲ್ಲಿ ನಾನು ಯಾವಾಗಲೂ ಮಾಡುತ್ತಿದ್ದ ಕೆಟ್ಟ ಚಾಳಿ. 'ರಾಜನ ಮುಂದಿನ ಬಾಗಿಲು ತೆಗೀಬೇಡ್ವೇ' ಎಂದು ನೀನು ಬೆರಳ ಗಿಣ್ಣಿಗೆ ಕುಟ್ಟುತ್ತಿದ್ದೆಯಲ್ಲ, ಅದೇ. ಇಷ್ಟು ವರ್ಷದ ಮೇಲೆ, ಅಷ್ಟು ಜನರ ಮುಂದೆ, ಯಂತ್ರದ ಹೆಸರಿನಲ್ಲಿ ಅದೇ ತಪ್ಪು ಮಾಡಿದೆ.

ಗಡಿಯಾರ ಒತ್ತಿದ ಮೇಲೂ ನನಗೆ ಗೊತ್ತಾಗಲಿಲ್ಲ. ನೀನು ಮಣೆ ನೋಡಿದೆ. ನನ್ನನ್ನು ನೋಡಿದೆ. ಮತ್ತೆ ಬಹಳ ಹೊತ್ತು ಮಣೆ ನೋಡಿದೆ. ಆಮೇಲೆ ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆದು ಅಂದೆ: "ಇವಳು ಇನ್ನೊಂದ್ಸಲ ತೆರೆ ನೋಡ್ಲಿ. ಇದು ಅದರ ನಡೆ ಅಲ್ಲ."

ನಿಯಮದ ಪ್ರಕಾರ ನಡೆ ವಾಪಸು ತೆಗೆಸಿದರು. ಮಂತ್ರಿಯಿಂದ ಹೊಡೆದೆ. ಸಂಜೆಯ ಹೊತ್ತಿಗೆ ಒಂದೇ ಒಂದು ಪದಾತಿ ಹೆಚ್ಚಿಗೆ ಇಟ್ಟುಕೊಂಡು ಅದು ಗೆದ್ದಿತು. ಕೊನೆಯವರೆಗೂ ಯಾರೂ ಎದ್ದು ಹೋಗಲಿಲ್ಲ. ನೀನು ಕುಗ್ಗಲೂ ಇಲ್ಲ. ಅದನ್ನು ನಾನು ನೋಡಿದೆ, ಒಪ್ಪಿಕೊಳ್ಳುತ್ತೇನೆ.

ಪತ್ರಿಕೆಯ ತುಂಡು ಇದರೊಳಗಿದೆ. 'ಕೈಗೆ ಬಂದ ಗೆಲುವನ್ನು ಹಿಂದಿರುಗಿಸಿದ ಆಟಗಾರ್ತಿ' ಎಂದು ಹಾಕಿದ್ದಾರೆ. ಆ ತಪ್ಪು ನಡೆ ಹಾಗೇ ಉಳಿದಿದ್ದರೆ ಯಂತ್ರ ಸೋಲುತ್ತಿತ್ತು ಎಂದು ಮೇಷ್ಟ್ರೇ ಹೇಳಿಕೆ ಕೊಟ್ಟಿದ್ದಾರೆ. ನನ್ನ ಕೆಲಸ ಉಳಿಯಲಿ ಎಂದು ನೀನು ಗೆಲುವು ಬಿಟ್ಟುಕೊಟ್ಟೆ ಎಂದು ಇಲ್ಲಿ ಎಲ್ಲರೂ ಮಾತಾಡಿಕೊಳ್ಳುತ್ತಿದ್ದಾರೆ. ಹೌದಾ?

ಮೆಣಸು

*

ಮೇ ೨

ಮೆಣಸೇ,

ಕ್ಷಮೆ ಗಿಮೆ ಬೇಡ. ಕಾರ್ಡಿನಲ್ಲಿ ಜಾಗ ಕಡಿಮೆ, ನನಗೆ ಪುರುಸೊತ್ತೂ ಕಡಿಮೆ.

ಒಂದೇ ಪ್ರಶ್ನೆ. ನೀನು ಪದಾತಿಯಿಂದ ಹೊಡೆದೆಯಲ್ಲ. ಅದಕ್ಕೆ ನಾನು ಕುದುರೆಯನ್ನು ನನ್ನ ರಾಜನ ಮುಂದೆ ತಂದು ನಿಲ್ಲಿಸಿದ್ದರೆ ನೀನು ಏನು ಆಡುತ್ತಿದ್ದೆ? ಪೆಟ್ಟಿಗೆಯನ್ನು ಕೇಳಬೇಡ.

ಚಿಕ್ಕಮ್ಮ

*

ಮೇ ೯

ಚಿಕ್ಕಮ್ಮ,

ನಿನಗೆ ಸಿಟ್ಟು ಬಂದಿದೆ ಎಂದು ಗೊತ್ತಾಯಿತು. ಬೈಯುವುದಿದ್ದರೆ ಬೈದುಬಿಡು. ಪರೀಕ್ಷೆ ಇಡಬೇಡ.

ಬೇಡ ಅಂದರೂ ಪೆಟ್ಟಿಗೆಯನ್ನು ಕೇಳಿದೆ. ನನ್ನ ನಡೆಗೆ ಅದು ಕೊಟ್ಟ ಅಂಕ ಬರೆಯಲು ನಾಚಿಕೆಯಾಗುತ್ತದೆ. ರಾಜ ಬಯಲಿಗೆ ಬೀಳುತ್ತಾನೆ, ಪದಾತಿಗಳ ಸಾಲು ಮುರಿಯುತ್ತದೆ, ಲಾಭ ಏನೂ ಇಲ್ಲ. ಮೇಷ್ಟ್ರು ನನ್ನ ಹಿಂದೆ ನಿಂತು ನೋಡಿ ನಕ್ಕರು: "ಇದಕ್ಕೇ ನೋಡಮ್ಮ, ಕೈ ಬೇರೆ, ತಲೆ ಬೇರೆ ಇರ್ಬೇಕು ಅನ್ನೋದು." ನಾನೂ ನಕ್ಕೆ. ಕೆಲಸದ ಜಾಗದಲ್ಲಿ ನಗಬೇಕಾಗುತ್ತದೆ.

ಕುದುರೆಗೆ ಏನು ಆಡುತ್ತಿದ್ದೆ ಎಂದು ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವ ಆಸೆಯೂ ಇಲ್ಲ. ತಪ್ಪು ನಡೆಯನ್ನು ಎಷ್ಟು ತೊಳೆದರೂ ತಪ್ಪು ನಡೆಯೇ. ನೀನು ಒಂದು ಮಾತು ಕೊಟ್ಟಿದ್ದೆ, ಆಟದ ವಿಷಯ ಮತ್ತೆ ಎತ್ತುವುದಿಲ್ಲ ಎಂದು. ನಾನು ನೋಡಿದೆ, ನೀನು ಕುಗ್ಗಲಿಲ್ಲ, ನನಗೆ ಹೆಮ್ಮೆಯಾಯಿತು. ಆದರೆ ಅದು ನೀನು. ನಾನು ನೀನಲ್ಲ.

ಹೆಸರು ಕೊಡಲು ಜೂನ್ ಹತ್ತು ಕೊನೆ. ಕೊಡುತ್ತಿಲ್ಲ. ಇನ್ನು ಈ ಮಾತು ಬೇಡ.

ಮೆಣಸು

*

ಮೇ ೨೮

ಪ್ರೀತಿಯ ಮೆಣಸೇ,

ಮಾತು ಮುರಿಯುತ್ತಿದ್ದೇನೆ. ನಾಚಿಕೆ ಇಲ್ಲದೆ ಮುರಿಯುತ್ತಿದ್ದೇನೆ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದರೆ, ನನ್ನ ಊಟದ ಮೇಜಿನ ಮೇಲೆ ನಿನ್ನ ಪದಾತಿ ಕೂತಿದೆ. ಆ ಮಣೆಯನ್ನು ನಾನು ಎತ್ತಿಲ್ಲ. ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಿನ್ನುತ್ತಿದ್ದೇನೆ. ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿಯ ತಕ್ಕಡಿಗೆ ಮುದ್ರೆ ಒತ್ತುವುದನ್ನು ಮರೆತು ನಿಂತಿದ್ದೆನಂತೆ. ಅವನೇ ನೆನಪು ಮಾಡಿದ, ಪಾಪ, ಹೆದರಿ ಹೆದರಿ.

ಮೊದಲು ಆ ದಿನದ ಮಾತು. ನಾನು ನಿನ್ನ ಕೆಲಸ ಉಳಿಸಲು ಗಡಿಯಾರ ನಿಲ್ಲಿಸಲಿಲ್ಲ. ನಿನ್ನ ಕೆಲಸ ಹೋದರೆ ಅಕ್ಕನ ಮನೆಯಲ್ಲಿ ಅನ್ನಕ್ಕೇನೂ ಬರವಿಲ್ಲ. ಗೆಲುವು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸೂ ನನಗಿಲ್ಲ, ಆ ಪತ್ರಿಕೆಯವರಿಗೆ ನನ್ನ ಪರಿಚಯವಿಲ್ಲ. ನೀನು ಆ ಪದಾತಿಯನ್ನು ಎತ್ತಿದ ಕೂಡಲೇ ಇದು ಪೆಟ್ಟಿಗೆಯ ನಡೆಯಲ್ಲ ಎಂದು ಗೊತ್ತಾಯಿತು. ಬೆಳಗಿನಿಂದ ನೀನು ಕಾಯಿಗಳನ್ನು ಅಂಗಡಿಯ ಸಾಮಾನಿನ ಹಾಗೆ ಎತ್ತಿ ಇಡುತ್ತಿದ್ದೆ. ಇದೊಂದನ್ನು ಮಾತ್ರ ನಿನ್ನದು ಎನ್ನುವ ಹಾಗೆ ಇಟ್ಟೆ. ನಿನ್ನ ಮುಖದ ಗೋಡೆ ಹಾಗೇ ಇತ್ತು, ಕೈಗೆ ಮಾತ್ರ ಗೋಡೆ ಕಟ್ಟಲು ಆಗಿರಲಿಲ್ಲ.

ಆಮೇಲೆ ಮಣೆ ನೋಡಿದೆ. ಬಹಳ ಹೊತ್ತು ನೋಡಿದೆ ಅಂದೆಯಲ್ಲ, ಯಾಕೆಂದು ಈಗ ಕೇಳು. ಆ ದಿನ ನನಗೆ ಹೆದರಿಕೆಯಾದದ್ದು ಅದೊಂದೇ ಹೊತ್ತು. ಪೆಟ್ಟಿಗೆಗೆ ನಾನು ಹೆದರಿರಲಿಲ್ಲ. ಅದು ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತದೆ, ಮಾಡಲಿ. ಆದರೆ ಬಾಗಿಲು ತೆರೆದ ನಿನ್ನ ರಾಜನನ್ನು ನೋಡಿದರೆ, ಅವನು ಮೂಲೆಗೆ ಸರಿಯುತ್ತಾನೆ, ಖಾಲಿಯಾದ ಆ ಸಾಲಿಗೆ ನಿನ್ನ ಆನೆ ಬರುತ್ತದೆ, ಅದರ ಎದುರು ನೆಟ್ಟಗೆ ನನ್ನ ರಾಜ. ಬಾಗಿಲು ತೆರೆದದ್ದು ನಿನಗೆ ಹೊರಗೆ ಬರಲಿಕ್ಕೆ.

ಸುಮ್ಮನಿದ್ದು ಆಡಬಹುದಿತ್ತು. ಆದರೆ ಆ ನಡೆ ನಿನ್ನದು. ಅದನ್ನು ಪೆಟ್ಟಿಗೆಯ ಹೆಸರಿಗೆ ಬರೆಸಲು ನನಗೆ ಮನಸ್ಸು ಬರಲಿಲ್ಲ. ಸೋತರೆ ನಿನ್ನ ಕೈಯಲ್ಲಿ ಸೋತೆ ಎಂದು ಊರಿಗೆ ಗೊತ್ತಾಗಬೇಕು, ಗೆದ್ದರೂ ಹಾಗೆಯೇ. ಅದಕ್ಕೇ ನಿಲ್ಲಿಸಿದೆ. ಅದಕ್ಕೇ ಒಂದು ಮಾತೂ ಆಡದೆ ರೈಲು ಹಿಡಿದೆ. ತಲೆಯಲ್ಲಿದ್ದ ಮಣೆ ಕದಡಿಹೋದೀತು ಎಂಬ ಭಯ. ರೈಲಿನಲ್ಲಿ ಎದುರಿಗೆ ಕೂತ ಹೆಂಗಸು ಎಲ್ಲಿಗೆ ಹೋಗ್ತಿದ್ದೀರಿ ಎಂದು ಕೇಳಿದ್ದಕ್ಕೆ 'ಕುದುರೆ' ಅಂದೆ. ಆಮೇಲೆ ಅವಳು ಮಾತಾಡಿಸಲಿಲ್ಲ.

ಈಗ ಫಲಿತಾಂಶ. ನಿನ್ನ ನಡೆ ತಪ್ಪಲ್ಲ. ಪೆಟ್ಟಿಗೆ ಏನಾದರೂ ಹೇಳಲಿ, ನಿಮ್ಮ ಮೇಷ್ಟ್ರು ಎಷ್ಟಾದರೂ ನಗಲಿ. ಅದು ಲೆಕ್ಕ ಹಾಕುವಷ್ಟು ದೂರದಲ್ಲಿ ಏನೂ ಕಾಣುವುದಿಲ್ಲ, ಏಟು ಇರುವುದು ಅದರ ಆಚೆ. ನಾನು ಯಾವ ಕಾಯಿ ಆಡಿದರೂ ಸೋಲು, ಕುದುರೆಯೊಂದನ್ನು ಬಿಟ್ಟು. ಕುದುರೆಯನ್ನು ರಾಜನ ಮುಂದೆ ಅಡ್ಡ ನಿಲ್ಲಿಸುತ್ತೇನೆ. ನಿನ್ನ ಅದೇ ಪದಾತಿ ಮನೆ ಮನೆ ದಾಟಿ ಬಂದು ಕುದುರೆಯನ್ನು ಓಡಿಸುತ್ತದೆ. ನಿನ್ನ ಆನೆ ಒಳಗೆ ನುಗ್ಗಿ ನನ್ನ ರಾಜನ ಮುಂದಿನ ಪದಾತಿಯನ್ನು ಚೆಕ್ ಕೊಟ್ಟು ಹೊಡೆಯುತ್ತದೆ. ನಾನು ಮೂಲೆಗೆ ಓಡಿ, ಮಂತ್ರಿಗೆ ಮಂತ್ರಿ ಬದಲಾಯಿಸಿಕೊಂಡು, ಏದುಸಿರು ಬಿಟ್ಟುಕೊಂಡು ಡ್ರಾ ಮಾಡಿಕೊಳ್ಳುತ್ತೇನೆ. ನಡೆಗಳನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ದಂತವೈದ್ಯರಿಗೂ ತೋರಿಸಿದೆ. ಬೆನ್ನು ನೋವು ಮರೆತು ಮೂರು ಸಂಜೆ ಕೂತರು, ಆಮೇಲೆ ಒಪ್ಪಿದರು. ಡ್ರಾ.

ಚಿಕ್ಕಂದಿನಲ್ಲಿ ನಿನ್ನ ಗಿಣ್ಣಿಗೆ ಕುಟ್ಟಿದ್ದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ. ಆಗ ಬಾಗಿಲು ತೆಗೆಯಲು ಮಾತ್ರ ನಿನಗೆ ಬರುತ್ತಿತ್ತು, ಆಮೇಲೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ.

ಜೂನ್ ಹತ್ತರ ಬಗ್ಗೆ ನಾನೇನೂ ಬರೆದಿಲ್ಲ, ಗಮನಿಸು.

ನಿನ್ನ
ಚಿಕ್ಕಮ್ಮ

*

ಜೂನ್ ೫

ಚಿಕ್ಕಮ್ಮ,

ನಿನ್ನ ಕಾಗದ ಗುರುವಾರ ಬಂತು. ಮೊದಲ ಸಲ ಓದಿದಾಗ, ನನ್ನನ್ನು ಆಟಕ್ಕೆ ಎಳೆಯಲು ಸುಳ್ಳು ಹೇಳುತ್ತಿದ್ದೀ ಅಂದುಕೊಂಡೆ. ಆಮೇಲೆ ನಿನ್ನ ಹಾಳೆ ನೋಡಿದೆ. ಸುಳ್ಳು ಹೇಳುವವರು ಅಷ್ಟೊಂದು ಕಾಟು ಹಾಕಿ ತಿದ್ದುವುದಿಲ್ಲ.

ನನ್ನ ಹತ್ತಿರ ಮಣೆ ಇರಲಿಲ್ಲ. ಪಂದ್ಯಕ್ಕೆಂದು ತರಿಸಿದ ಮರದ ಮಣೆ ಪ್ರಯೋಗಾಲಯದ ಕಪಾಟಿನಲ್ಲಿತ್ತು. ಕಾಯಿಗಳನ್ನು ನೀನು ಬರೆದ ಹಾಗೆ ಜೋಡಿಸಿ, ಆ ಚಳಿಯಲ್ಲಿ ಸ್ವೆಟರಿನ ತೋಳು ಮಡಿಸಿಕೊಂಡು ಕೂತೆ. ತೆರೆ ಆರಿಸಿದ್ದೆ. ಮೇಷ್ಟ್ರು ಒಳಗೆ ಬಂದವರು, ಯಂತ್ರಕ್ಕೆ ಕೊಟ್ಟರೆ ಈಗಲೇ ಹೇಳುತ್ತದಲ್ಲ ಅಂದರು. "ಇದು ನಮ್ಮ ಮನೆ ವಿಷಯ ಸರ್" ಅಂದೆ. ಅವರು ಯಾವುದೋ ಆಸ್ತಿ ಜಗಳ ಅಂದುಕೊಂಡಿರಬೇಕು, ಸುಮ್ಮನೆ ಹೋದರು.

ನಿನ್ನ ಹಾಳೆ ಸರಿಯಾಗಿದೆ. ಕುದುರೆ, ಅದನ್ನು ಓಡಿಸುವ ಪದಾತಿ, ಒಳಗೆ ನುಗ್ಗುವ ಆನೆ ಎಲ್ಲ ಸರಿ. ಒಂದು ಕಡೆ ಬಿಟ್ಟು.

ಕುದುರೆ ಓಡಿಹೋದ ಕೂಡಲೇ ನನ್ನ ಆನೆ ನಿನ್ನ ಪದಾತಿಯನ್ನು ಹೊಡೆಯುತ್ತದೆ ಎಂದು ಬರೆದಿದ್ದೀಯ. ಯಾಕೆ ಹೊಡೆಯಬೇಕು? ಅದು ಎಲ್ಲಿಗೂ ಹೋಗುವುದಿಲ್ಲ. ನಾನು ಹೊಡೆಯುವುದಿಲ್ಲ. ಎರಡನೇ ಆನೆಯನ್ನು ತಂದು ಮೊದಲನೆಯದರ ಹಿಂದೆ ನಿಲ್ಲಿಸುತ್ತೇನೆ. ಅಷ್ಟೇ. ಚೆಕ್ ಇಲ್ಲ, ಹೊಡೆತ ಇಲ್ಲ. ಈಗ ನಿನ್ನ ಸರದಿ. ನೀನು ಯಾವ ಕಾಯಿಯನ್ನಾದರೂ ಆಡು. ಮಂತ್ರಿ ಕದಲಿದರೆ ಪದಾತಿ ಬೀಳುತ್ತದೆ, ರಾಜ ಕದಲಿದರೆ ಮಂತ್ರಿ ಬೀಳುತ್ತದೆ, ಕುದುರೆ ವಾಪಸು ಬಂದರೆ ಅದನ್ನು ನಿಲ್ಲಿಸಲು ಮನೆಯೇ ಇಲ್ಲ. ಒಂದೊಂದಾಗಿ ಎಲ್ಲವನ್ನೂ ಆಡಿ ನೋಡಿದೆ. ಡ್ರಾ ಇಲ್ಲ, ಚಿಕ್ಕಮ್ಮ. ಸೋಲುತ್ತೀ.

ನಿನಗೆ ಯಾಕೆ ಕಾಣಲಿಲ್ಲ ಎಂದು ಯೋಚಿಸಿದೆ. ಎದುರಿಗೆ ಕೂತವಳು ಗಿಣ್ಣಿಗೆ ಕುಟ್ಟಿಸಿಕೊಂಡ ಆತುರಗಾತಿ ಎಂದು ಲೆಕ್ಕ ಹಾಕಿದ್ದೀಯ. ಸಿಕ್ಕಿದ್ದನ್ನು ಬಾಚಿಕೊಳ್ಳುತ್ತಾಳೆ ಅಂದುಕೊಂಡೆ. ಕಾಯಲು ಬರುತ್ತದೆ ಎಂದು ನಿನಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಅನ್ನು.

ಆ ಆನೆಯನ್ನು ಹಿಂದೆ ನಿಲ್ಲಿಸಿದಾಗ ಅಂಕದ ಯೋಚನೆ ಬರಲಿಲ್ಲ. ಬರಲಿಲ್ಲ ಎನ್ನುವುದು ಮಣೆ ಎತ್ತಿಟ್ಟು ಹಾಸ್ಟೆಲಿಗೆ ನಡೆದುಕೊಂಡು ಬರುವಾಗ ಹೊಳೆಯಿತು. ಯಂತ್ರವನ್ನು ಇನ್ನೂ ಕೇಳಿಲ್ಲ. ಕೇಳಬಾರದು ಎಂದೇನೂ ಅಲ್ಲ, ಕೇಳಬೇಕು ಅನ್ನಿಸಲಿಲ್ಲ.

ಹೆಸರು ಕೊಟ್ಟೆ. ಇವತ್ತು ಬೆಳಿಗ್ಗೆ, ಈ ಕಾಗದ ಬರೆಯುವ ಮೊದಲು. ಪುಸ್ತಕಗಳನ್ನು ಲೈಬ್ರರಿಯಿಂದ ವಾಪಸು ಕೇಳಿದರೆ ಕೊಡುವುದಿಲ್ಲವಂತೆ, ಕೊಟ್ಟದ್ದು ಕೊಟ್ಟ ಹಾಗೆ. ಓದುವುದಾದರೆ ಹದಿನೈದು ದಿನಕ್ಕೆ ಕಡ ತೆಗೆದುಕೊಂಡು ಹೋಗಬಹುದು ಅಂದರು. ನನ್ನ ಪುಸ್ತಕವನ್ನೇ ಸಹಿ ಹಾಕಿ ತಂದಿದ್ದೇನೆ.

ಆಟದಲ್ಲಿ ಇನ್ನೂ ಏನಾದರೂ ದಾರಿ ಇದ್ದರೆ ಬರಿ.

ನಿನ್ನ
ಮೆಣಸು

*

ಜೂನ್ ೧೨

ಪ್ರೀತಿಯ ಮೆಣಸೇ,

ದಾರಿ ಇಲ್ಲ. ಸೋತೆ.

ಸುಲಭವಾಗಿ ಒಪ್ಪಿದೆ ಅಂದುಕೊಳ್ಳಬೇಡ. ನಿನ್ನ ಎರಡನೇ ಆನೆಯನ್ನು ಇಟ್ಟು ನೋಡಿದ ಕೂಡಲೇ 'ಇದೇನು ಮಹಾ' ಅಂದೆ. ಮಾರುಕಟ್ಟೆಗೆ ಹೋದೆ, ಎರಡು ಬೀದಿಯ ತಕ್ಕಡಿ ತಪಾಸಣೆ ಮುಗಿಸಿದೆ, ತಲೆಯೊಳಗೆ ಎಲ್ಲ ಕಾಯಿಗಳನ್ನೂ ಆಡಿಸುತ್ತಲೇ ಇದ್ದೆ. ಮನೆಗೆ ಬಂದು ಚಪ್ಪಲಿ ಬಿಡದೆ ಮಣೆಯ ಮುಂದೆ ನಿಂತೆ. ಇಲ್ಲ. ನೀನು ಸುಮ್ಮನೆ ನಿಂತಿದ್ದೀ, ನನಗೆ ಅಲುಗಾಡಲು ಜಾಗವಿಲ್ಲ. ನನ್ನ ಮೂವತ್ತು ವರ್ಷದ ಆಟದಲ್ಲಿ ಇಷ್ಟು ಸದ್ದಿಲ್ಲದೆ ನನ್ನನ್ನು ಯಾರೂ ಹೊಡೆದಿಲ್ಲ.

ಆತುರಗಾತಿ ಎಂದು ಲೆಕ್ಕ ಹಾಕಿದ್ದೂ ನಿಜ. ನಿನಗೆ ಆಟ ಕಲಿಸಿ ಬೆಳೆಸಿದವಳಿಗೆ ನೀನು ಬೆಳೆದದ್ದು ಕೊನೆಯಲ್ಲಿ ಗೊತ್ತಾಯಿತು ನೋಡು.

ಕ್ಲಬ್ಬಿಗೆ ಹೋಗಿ ಎಲ್ಲರ ಮುಂದೆ ಆಡಿ ತೋರಿಸಿದೆ. ದಂತವೈದ್ಯರು ಡ್ರಾ ಇದೆ ಎಂದು ಇನ್ನೂ ವಾದ ಮಾಡುತ್ತಿದ್ದರು. ನಿನ್ನ ಆನೆಯನ್ನು ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ ಕಾರ್ಯದರ್ಶಿಗಳು ನಿಧಾನವಾಗಿ ಕೇಳಿದರು: "ಈ ನಡೆ ಆ ಕಂಪ್ಯೂಟರ್ ಹೇಳಿದ್ದಾ ಮೇಡಂ?"

"ಅಲ್ಲ," ಅಂದೆ. "ನಮ್ಮ ಹುಡುಗಿ."

ಅಷ್ಟು ಹೇಳಿ ಚಹಾ ತರಿಸಿದೆ. ಈ ಸಲ ನಾನೇ.

ಜುಲೈಗೆ ನಾನು ಬರುವುದಿಲ್ಲ. ಹಿಂದಿನ ಸಾಲಿನಲ್ಲಿ ಉಗುರು ಕಚ್ಚುವುದು ನನ್ನಿಂದಾಗದು, ನನ್ನ ಮುಖ ನೋಡಿ ನೀನು ಆಡುವುದೂ ಬೇಡ. ನಿನ್ನ ಎದುರು ಕೂರಲಿರುವ ಹುಡುಗಿಯರಿಗೆ, ಇವ್ಳು ಸುಮ್ಮನಿದ್ದಾಗ ಹುಷಾರಾಗಿರಿ ಎಂದು ಒಂದು ಮಾತು ಹೇಳಿ ಕಳಿಸೋಣ ಅಂದುಕೊಂಡೆ.

ಬೇಡ. ಅವರೇ ಕಂಡುಕೊಳ್ಳಲಿ.

ನಿನ್ನ
ಚಿಕ್ಕಮ್ಮ